ತೂಕದ ಮುಳ್ಳು ಹೇಳದ ಲೆಕ್ಕ: ಕುಸ್ತಿಪಟುವಿನ ಮೈಗಾತ್ರ ಮತ್ತು ಸ್ಫೋಟಕ ಶಕ್ತಿ

1988ರ ಸೋಲ್ ಒಲಿಂಪಿಕ್ಸ್‌ನ 60 ಕೆ.ಜಿ. ವಿಭಾಗದಲ್ಲಿ ಟರ್ಕಿಯ ನಯಿಮ್ ಸುಲೇಮಾನೊಗ್ಲು 190 ಕೆ.ಜಿ. ಭಾರವನ್ನು ತಲೆಯ ಮೇಲೆತ್ತಿ ನಿಂತರು. ಅದು ಅವರ ತೂಕದ ಮೂರು ಪಟ್ಟಿಗೂ ಹೆಚ್ಚು. 2021ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾರ್ಜಿಯಾದ ಲಾಶಾ ತಲಖಾಡ್ಜೆ ಎತ್ತಿದ್ದು 267 ಕೆ.ಜಿ. ಅವರ ಮೈತೂಕವೇ 170 ಕೆ.ಜಿ. ದಾಟಿತ್ತು, ಅಂದರೆ ಎತ್ತಿದ್ದು ತಮ್ಮ ತೂಕದ ಒಂದೂವರೆ ಪಟ್ಟಿನಷ್ಟು. ಇಬ್ಬರಲ್ಲಿ ಹೆಚ್ಚು ಬಲಶಾಲಿ ಯಾರು?

ಎತ್ತಿದ ಭಾರ ನೋಡಿದರೆ ಲಾಶಾ. ಮೈತೂಕದಿಂದ ಭಾಗಿಸಿದರೆ ನಯಿಮ್. ಎರಡೂ ಉತ್ತರ ಸರಿ, ಎರಡೂ ಅರ್ಧಂಬರ್ಧ. ಭಾರ ಎತ್ತುವವರಲ್ಲಿ ಇದು ಅಭಿಮಾನಿಗಳ ವಾದವಾಗಿ ಮುಗಿಯುತ್ತದೆ. ಕುಸ್ತಿ, ಜೂಡೊ, ಬಾಕ್ಸಿಂಗ್, ಟೇಕ್ವಾಂಡೊದಲ್ಲಿ ಮಾತ್ರ ಇದೇ ಪ್ರಶ್ನೆ ಹುಡುಗ ಹುಡುಗಿಯರ ಭವಿಷ್ಯವನ್ನೇ ನಿರ್ಧರಿಸುತ್ತದೆ: ಯಾರನ್ನು ಶಿಬಿರಕ್ಕೆ ಆರಿಸಬೇಕು, ಯಾರು ಯಾವ ತೂಕಕ್ಕೆ ಇಳಿಯಬೇಕು, ಯಾರ ತಯಾರಿ ಸಾಲದು. ಆ ತೀರ್ಮಾನಗಳ ಹಿಂದೆ ಹೆಚ್ಚಾಗಿ ಇರುವುದು ‘ಕೆ.ಜಿ.ಗೆ ಇಷ್ಟು ವಾಟ್’ ಎಂಬ ಒಂದೇ ಅಂಕಿ (ವಾಟ್ ಎಂದರೆ ಪವರ್‌ನ, ಅಂದರೆ ಸೆಕೆಂಡಿಗೆ ಎಷ್ಟು ಕೆಲಸ ನಡೆಯಿತು ಎಂಬುದರ ಅಳತೆ). ಆ ಅಂಕಿ ಹುಟ್ಟುವುದು ಹೇಗೆ, ಅದು ದಾರಿ ತಪ್ಪಿಸುವುದು ಎಲ್ಲಿ ಎಂಬುದನ್ನು ಫ್ರೀಸ್ಟೈಲ್ ಕುಸ್ತಿಯನ್ನು ಮುಂದಿಟ್ಟುಕೊಂಡು ನೋಡೋಣ.

ಫ್ರೀಸ್ಟೈಲ್ ಪಂದ್ಯ ಎಂದರೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. ಆದರೆ ಆ ಆರು ನಿಮಿಷವೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಕೈ ಕೈ ಹಿಡಿದು ತಳ್ಳಾಡುತ್ತಾ, ಒಬ್ಬರನ್ನೊಬ್ಬರು ಅಳೆಯುತ್ತಾ ಸ್ವಲ್ಪ ಹೊತ್ತು. ಥಟ್ಟನೆ ಒಬ್ಬ ಕಾಲಿಗೆ ನುಗ್ಗುತ್ತಾನೆ, ಎತ್ತುತ್ತಾನೆ, ತಿರುವುತ್ತಾನೆ. ಎರಡು ಮೂರು ಸೆಕೆಂಡಿನ ಆ ನುಗ್ಗಿನಲ್ಲೇ ಅಂಕ ಬರುತ್ತದೆ. ಆ ನುಗ್ಗಿಗೆ ಬೇಕಾದ ಶಕ್ತಿಯನ್ನು ಉಸಿರಾಟ ಒದಗಿಸಲಾರದು. ಗಾಳಿ ಶ್ವಾಸಕೋಶಕ್ಕೆ ಹೋಗಿ, ರಕ್ತದಲ್ಲಿ ಬೆರೆತು, ತೊಡೆಯ ಸ್ನಾಯುವನ್ನು ತಲುಪಿ ಕೆಲಸಕ್ಕೆ ಬರುವಷ್ಟರಲ್ಲಿ ಎದುರಾಳಿ ತಪ್ಪಿಸಿಕೊಂಡಿರುತ್ತಾನೆ.

ಹಾಗಾಗಿ ಸ್ನಾಯು ತನ್ನೊಳಗೆ ಇಟ್ಟುಕೊಂಡದ್ದನ್ನೇ ಮೊದಲು ಖರ್ಚು ಮಾಡುತ್ತದೆ. ಸ್ನಾಯು ನೇರವಾಗಿ ಉರಿಸುವ ಇಂಧನ ಎಟಿಪಿ. ಕೂಡಿಟ್ಟ ಎಟಿಪಿ ಒಂದೆರಡು ಸೆಕೆಂಡಿಗಷ್ಟೇ ಸಾಕು. ತಕ್ಷಣ ಫಾಸ್ಫೋಕ್ರಿಯಾಟಿನ್ ಎಂಬ ಇನ್ನೊಂದು ಸಂಗ್ರಹ ಅದನ್ನು ಮರುಪೂರಣ ಮಾಡುತ್ತದೆ, ಪೂರ್ತಿ ಬಿರುಸಿನ ಕೆಲಸಕ್ಕೆ ಅದು ಸುಮಾರು ಹತ್ತು ಸೆಕೆಂಡ್ ಬರುತ್ತದೆ. ಇದರ ಜೊತೆಜೊತೆಗೇ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಆಮ್ಲಜನಕವಿಲ್ಲದೆ ಒಡೆದು ಎಟಿಪಿ ಕೊಡಲು ಶುರುಮಾಡುತ್ತದೆ. ಅರ್ಧ ನಿಮಿಷದಿಂದ ಸುಮಾರು ಒಂದು ನಿಮಿಷದವರೆಗಿನ ತೀವ್ರ ಹೋರಾಟದ ಹೊಣೆ ಬಹುಪಾಲು ಇದರದೇ. ಈ ಎರಡು ಬಗೆಯನ್ನೂ ಸೇರಿಸಿ ಅನೇರೋಬಿಕ್ ಸಾಮರ್ಥ್ಯ, ಅಂದರೆ ಆಮ್ಲಜನಕದ ನೆರವಿಲ್ಲದ ಸಾಮರ್ಥ್ಯ ಎನ್ನುತ್ತೇವೆ.

ಗ್ಲೈಕೋಜನ್ ಹೀಗೆ ಒಡೆದಾಗ ಲ್ಯಾಕ್ಟೇಟ್ ಹುಟ್ಟುತ್ತದೆ. ಸುಮ್ಮನೆ ಕೂತಾಗ ರಕ್ತದಲ್ಲಿ ಲೀಟರಿಗೆ ಸುಮಾರು ಒಂದು ಮಿಲಿಮೋಲ್ ಇರುವ ಲ್ಯಾಕ್ಟೇಟ್, ಜಿದ್ದಾಜಿದ್ದಿನ ಕುಸ್ತಿ ಪಂದ್ಯ ಮುಗಿದಾಗ ಹತ್ತನ್ನು ದಾಟಿರುವುದು ಸಾಮಾನ್ಯ. ತೋಳು ಕಲ್ಲಾದಂತೆ ಬಿಗಿದುಕೊಂಡಾಗ ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ’ ಎಂದು ಜಿಮ್‌ಗಳಲ್ಲಿ ಈಗಲೂ ಹೇಳುತ್ತಾರೆ. ತಪ್ಪು ಲ್ಯಾಕ್ಟೇಟ್‌ನದಲ್ಲ. ಅದನ್ನು ಹೃದಯ ಮತ್ತು ಬೇರೆ ಸ್ನಾಯುಗಳು ಇಂಧನವಾಗಿಯೇ ಬಳಸಿಕೊಳ್ಳುತ್ತವೆ. ಸ್ನಾಯುವನ್ನು ಸೋಲಿಸುವ ಕಾರಣಗಳಲ್ಲಿ ಮುಖ್ಯವಾದವು ಅದೇ ಹೊತ್ತಿಗೆ ಸೇರಿಕೊಳ್ಳುವ ಹೈಡ್ರೋಜನ್ ಅಯಾನುಗಳು ಮತ್ತು ಫಾಸ್ಫೋಕ್ರಿಯಾಟಿನ್ ಒಡೆದು ಉಳಿಯುವ ಫಾಸ್ಫೇಟ್.

ಖಾಲಿಯಾದ ಫಾಸ್ಫೋಕ್ರಿಯಾಟಿನ್ ಮತ್ತೆ ಅರ್ಧದಷ್ಟು ತುಂಬಲು ಹೆಚ್ಚುಕಡಿಮೆ 30 ಸೆಕೆಂಡ್ ಬೇಕು. ಪೂರ್ತಿ ತುಂಬಲು ಮೂರು ನಿಮಿಷವೋ ಇನ್ನೂ ಹೆಚ್ಚೋ. ಕುಸ್ತಿಯ ವಿರಾಮ ಸರಿಯಾಗಿ 30 ಸೆಕೆಂಡ್. ಅಂದರೆ ಮೊದಲ ಸುತ್ತಿನ ಕೊನೆಗೆ ಬರಿದಾದ ಪೈಲ್ವಾನ ಎರಡನೇ ಸುತ್ತನ್ನು ಅರೆಭರ್ತಿ ಸಂಗ್ರಹದೊಂದಿಗೇ ಆರಂಭಿಸುತ್ತಾನೆ. ಈ ಮರುಪೂರಣ ನಡೆಯುವುದು ಆಮ್ಲಜನಕದ ನೆರವಿನಿಂದ, ಆದ್ದರಿಂದ ‘ನಾನು ಸ್ಫೋಟಕ ಆಟದವನು, ನನಗೆ ಓಟ ಬೇಡ’ ಎನ್ನುವವನು ಎರಡನೇ ಸುತ್ತಿನಲ್ಲಿ ದಮ್ಮು ಕಟ್ಟಿ ನಿಲ್ಲುತ್ತಾನೆ.

ಈ ಸಾಮರ್ಥ್ಯವನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು 1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ರೂಪುಗೊಂಡ ಪರೀಕ್ಷೆ. ಅದಕ್ಕೆ ಆ ಸಂಸ್ಥೆಯ ಹೆಸರೇ ಉಳಿದಿದೆ. ನೋಡಲು ಬಹಳ ಸರಳ. ನಿಂತಲ್ಲೇ ನಿಲ್ಲುವ ಸೈಕಲ್ ಮೇಲೆ ಕ್ರೀಡಾಪಟುವನ್ನು ಕೂರಿಸಿ ಪಾದಗಳನ್ನು ಪೆಡಲ್‌ಗೆ ಪಟ್ಟಿಯಿಂದ ಬಿಗಿಯುತ್ತಾರೆ. ಕೆಲವು ನಿಮಿಷ ಮೈ ಬೆಚ್ಚಗಾಗುವಷ್ಟು ತುಳಿದ ಮೇಲೆ, ಶಕ್ತಿಮೀರಿ ತುಳಿಯಲು ಹೇಳಿ ಚಕ್ರಕ್ಕೆ ಭಾರ ಬಿಡುತ್ತಾರೆ. ಮೂಲ ಪದ್ಧತಿಯಲ್ಲಿ ಆ ಭಾರ ಮೈತೂಕದ ಪ್ರತಿ ಕೆ.ಜಿ.ಗೆ 75 ಗ್ರಾಂ. 57 ಕೆ.ಜಿ.ಯವನಿಗೆ ಸುಮಾರು 4.3 ಕೆ.ಜಿ., 97 ಕೆ.ಜಿ.ಯವನಿಗೆ ಸುಮಾರು 7.3 ಕೆ.ಜಿ. ಮುಂದಿನ 30 ಸೆಕೆಂಡ್ ಸೀಟಿನಿಂದ ಏಳುವಂತಿಲ್ಲ, ಶಕ್ತಿಯನ್ನು ಕೊನೆಗೆಂದು ಉಳಿಸಿಕೊಳ್ಳುವಂತಿಲ್ಲ. ಮೊದಲ ಐದು ಸೆಕೆಂಡಿನಲ್ಲಿ ಚಕ್ರ ಗಿರ್ರನೆ ತಿರುಗುತ್ತದೆ. ಹದಿನೈದನೇ ಸೆಕೆಂಡಿನ ಹೊತ್ತಿಗೆ ಮುಖ ಕೆಂಪಾಗಿ ಭುಜ ಅಲುಗಲು ತೊಡಗುತ್ತದೆ. ಕೊನೆಯ ಐದು ಸೆಕೆಂಡಿನಲ್ಲಿ ಕಾಲು ತನ್ನದಲ್ಲ ಎಂಬಂತೆ ಒಂದೊಂದು ಸುತ್ತಿಗೂ ತಿಣುಕಾಡುತ್ತದೆ. ಇಳಿದ ಕೂಡಲೇ ಕೆಲವರು ವಾಂತಿ ಮಾಡಿಕೊಳ್ಳುತ್ತಾರೆ, ಅದಕ್ಕೆಂದೇ ಪಕ್ಕದಲ್ಲಿ ಬಕೆಟ್ ಇಟ್ಟಿರುತ್ತಾರೆ. ಕುಸ್ತಿ, ಜೂಡೊದವರಿಗೆ ಇದನ್ನೇ ಕೈಯಿಂದ ತಿರುಗಿಸುವ ಯಂತ್ರದಲ್ಲೂ ಮಾಡಿಸುತ್ತಾರೆ, ಏಕೆಂದರೆ ಹಿಡಿತವೂ ಎಳೆತವೂ ತೋಳಿನವು.

ಪರೀಕ್ಷೆಯಿಂದ ಮೂರು ಸಂಗತಿ ಸಿಗುತ್ತವೆ. ಅತಿ ಹೆಚ್ಚಿನ ಐದು ಸೆಕೆಂಡಿನ ಪವರ್, ಇಡೀ 30 ಸೆಕೆಂಡಿನ ಸರಾಸರಿ, ಮತ್ತು ಆರಂಭದ ಎತ್ತರದಿಂದ ಕೊನೆಗೆ ಎಷ್ಟು ಶೇಕಡ ಕುಸಿಯಿತು ಎಂಬ ದಣಿವಿನ ಸೂಚ್ಯಂಕ. ಮೊದಲಿನೆರಡು ವಾಟ್‌ಗಳಲ್ಲಿ ಬರುತ್ತವೆ. ಗೊಂದಲ ಶುರುವಾಗುವುದು ಅವನ್ನು ಮೈತೂಕದಿಂದ ಭಾಗಿಸಿದಾಗ.

ಲೆಕ್ಕಕ್ಕೆಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ. 57 ಕೆ.ಜಿ. ಪೈಲ್ವಾನನ ಗರಿಷ್ಠ ಪವರ್ 627 ವಾಟ್, ಅಂದರೆ ಕೆ.ಜಿ.ಗೆ 11. 97 ಕೆ.ಜಿ.ಯವನದು 921 ವಾಟ್, ಕೆ.ಜಿ.ಗೆ 9.5. ಪಟ್ಟಿ ನೋಡಿದ ಕೋಚ್ ದೊಡ್ಡವನನ್ನು ಕರೆದು ‘ನೀನು ಹಿಂದೆ ಬಿದ್ದಿದ್ದೀಯಪ್ಪ’ ಎನ್ನುವುದು ಸಹಜ. ಆದರೆ ಅವನು ಹಿಂದೆ ಬಿದ್ದಿಲ್ಲ.

ಕಾರಣ ದೇಹದ ರೇಖಾಗಣಿತದಲ್ಲಿದೆ. ಸ್ನಾಯುವಿನ ಬಲ ಅದರ ದಪ್ಪವನ್ನು, ಅಂದರೆ ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣವನ್ನು ಅವಲಂಬಿಸಿದೆ. ಬಾವಿಯ ಹಗ್ಗ ಎಷ್ಟು ಉದ್ದವಿದ್ದರೂ ಅದು ಎಷ್ಟು ಭಾರ ತಾಳುತ್ತದೆ ಎಂಬುದನ್ನು ಅದರ ದಪ್ಪವೇ ಹೇಳುವ ಹಾಗೆ. ಒಬ್ಬನನ್ನು ಎಲ್ಲ ದಿಕ್ಕಿನಲ್ಲೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ವಿಸ್ತೀರ್ಣ ವರ್ಗದಂತೆ ಬೆಳೆಯುತ್ತದೆ, ತೂಕ ಮಾತ್ರ ಘನದಂತೆ. ಹಾಗಾಗಿ ತೂಕ ಬೆಳೆದಷ್ಟು ಬಲ ಬೆಳೆಯುವುದಿಲ್ಲ, ತೂಕದ ಮೂರನೇ ಎರಡರ (2/3) ಘಾತಕ್ಕೆ ತಕ್ಕಂತೆ ಬೆಳೆಯುತ್ತದೆ. 57ರಿಂದ 97ಕ್ಕೆ ಹೋದರೆ ತೂಕ ಶೇ 70ರಷ್ಟು ಏರಿತು, ನಿರೀಕ್ಷಿಸಬಹುದಾದ ಪವರ್ ಏರಿಕೆ ಶೇ 43ರಷ್ಟೇ. 627 ವಾಟಿಗೆ ಶೇ 43 ಸೇರಿಸಿದರೆ ಸುಮಾರು 895. ನಮ್ಮ ದೊಡ್ಡ ಪೈಲ್ವಾನ ಕೊಟ್ಟದ್ದು 921. ಗಾತ್ರಕ್ಕೆ ತಕ್ಕಂತೆ ಅಳೆದರೆ ಚಿಕ್ಕವನಿಗಿಂತ ಅವನೇ ತುಸು ಮುಂದಿದ್ದಾನೆ.

ಕ್ರೀಡಾ ವಿಜ್ಞಾನಿಗಳು ಇದಕ್ಕಾಗಿಯೇ ವಾಟನ್ನು ತೂಕದಿಂದ ನೇರವಾಗಿ ಭಾಗಿಸದೆ, ತೂಕದ 0.67 ಘಾತದಿಂದ ಭಾಗಿಸಿ ನೋಡುತ್ತಾರೆ. ಮೇಲಿನ ಇಬ್ಬರಿಗೂ ಹಾಗೆ ಮಾಡಿದರೆ ಸಿಗುವ ಅಂಕಿಗಳು ಸುಮಾರು 42 ಮತ್ತು 43. ಕ್ಯಾಲ್ಕ್ಯುಲೇಟರ್ ಇರುವ ಮೊಬೈಲ್‌ನಲ್ಲೇ ಮಾಡಬಹುದಾದ ಲೆಕ್ಕ. ಹಾಗಂತ 0.67 ದೇವರು ಕೊಟ್ಟ ಅಂಕಿಯೇನಲ್ಲ. ಮನುಷ್ಯರು ಒಂದೇ ಅಚ್ಚಿನ ಹಿಗ್ಗಿಸಿದ ಪ್ರತಿಗಳಲ್ಲ, ಗುಂಪಿನಿಂದ ಗುಂಪಿಗೆ ಸರಿಯಾಗಿ ಹೊಂದುವ ಘಾತ ಬದಲಾಗುತ್ತದೆ. ಆದರೂ ನೇರ ಭಾಗಾಕಾರ ಸದಾ ಸಣ್ಣ ಮೈಯವರ ಕಡೆ ವಾಲುತ್ತದೆ, ಬರೀ ವಾಟ್ ಸದಾ ದೊಡ್ಡ ಮೈಯವರ ಕಡೆ ವಾಲುತ್ತದೆ ಎಂಬುದಂತೂ ನಿಜ.

ದಣಿವಿನ ಸೂಚ್ಯಂಕದಲ್ಲೂ ಇಂಥದೇ ತೊಡಕಿದೆ. ಶುರುವಿನಲ್ಲಿ ಬಹಳ ಎತ್ತರಕ್ಕೆ ಹೋದವನು ಬೀಳುವುದೂ ಬಹಳ. ಶೇ 50 ಕುಸಿದ ಸ್ಫೋಟಕ ಆಟಗಾರನೊಬ್ಬ ಕೊನೆಯ ಸೆಕೆಂಡುಗಳಲ್ಲಿ ಕೊಡುವ ವಾಟ್, ಶೇ 30 ಮಾತ್ರ ಕುಸಿದ ಸಾಧಾರಣ ಆಟಗಾರನ ವಾಟಿಗೆ ಸಮನಾಗಿಯೇ ಇರಬಹುದು. ಶೇಕಡಾವಾರು ಒಂದನ್ನೇ ನೋಡಿ ‘ಇವನಿಗೆ ದಮ್ಮಿಲ್ಲ’ ಎಂದುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ತೂಕದ ವಿಭಾಗಗಳ ಒಳಗೆ ಬಂದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಒಲಿಂಪಿಕ್ಸ್‌ನಲ್ಲಿ ಪುರುಷರ ಫ್ರೀಸ್ಟೈಲ್‌ಗೆ 57ರಿಂದ 125ರವರೆಗೆ ಆರು ವಿಭಾಗ, ಮಹಿಳೆಯರಿಗೆ 50ರಿಂದ 76ರವರೆಗೆ ಆರು. ಮೈಸೂರು ದಸರಾ ನಾಡಕುಸ್ತಿಗೆ ಮುಂಚೆ ಜೋಡಿ ಕಟ್ಟುವಾಗ ಉಸ್ತಾದರು ಮಾಡುವುದೂ ತತ್ವದಲ್ಲಿ ಇದನ್ನೇ, ಸಮಬಲರನ್ನು ಎದುರುಬದುರು ನಿಲ್ಲಿಸುವುದು. ಇಬ್ಬರೂ 74 ಕೆ.ಜಿ. ಇದ್ದಾಗ ಕೆ.ಜಿ.ಗೆ ಎಷ್ಟು ವಾಟ್ ಎಂದು ಕೇಳಿದರೂ ಒಟ್ಟು ಎಷ್ಟು ವಾಟ್ ಎಂದು ಕೇಳಿದರೂ ಉತ್ತರ ಒಂದೇ. ಅಲ್ಲಿ ವ್ಯತ್ಯಾಸ ಮಾಡುವುದು ಆ 74 ಕೆ.ಜಿ.ಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು. ಕೊಬ್ಬು ಒಂದು ವಾಟನ್ನೂ ಹುಟ್ಟಿಸುವುದಿಲ್ಲ, ಆದರೆ ತೂಕದ ಯಂತ್ರ ಅದನ್ನೂ ಎಣಿಸುತ್ತದೆ. ಕೊಬ್ಬು ಕಳೆದು ಉಳಿದ ತೂಕಕ್ಕೆ ಹೋಲಿಸಿ ನೋಡಿದರೆ ವಿಭಾಗ ವಿಭಾಗಗಳ ನಡುವಿನ ಅಂತರ ಬಹಳಷ್ಟು ಕಿರಿದಾಗುತ್ತದೆ. 125 ಕೆ.ಜಿ. ವಿಭಾಗದವರಲ್ಲಿ ಕೊಬ್ಬಿನ ಪಾಲು ಸಾಮಾನ್ಯವಾಗಿ ಹೆಚ್ಚು. ಅವರು ಮೈಗಳ್ಳರೆಂದಲ್ಲ, ಅಲ್ಲಿ ಜಗ್ಗದೆ ನಿಲ್ಲುವ ತೂಕಕ್ಕೂ ಬೆಲೆಯಿದೆ, ಅವರಲ್ಲಿ ಅನೇಕರಿಗೆ ತೂಕದ ಮಿತಿ ಮುಟ್ಟುವ ಚಿಂತೆಯೇ ಇಲ್ಲ.

ಎತ್ತರ, ಕೈಕಾಲಿನ ಉದ್ದದ ಮಾತು ಆಟದಿಂದ ಆಟಕ್ಕೆ ಬೇರೆ. ಕಾಲು ಉದ್ದವಿದ್ದರೆ ಟೇಕ್ವಾಂಡೊದಲ್ಲಿ ಲಾಭ, ತೋಳು ಉದ್ದವಿದ್ದರೆ ಬಾಕ್ಸಿಂಗ್‌ನಲ್ಲಿ. ಕುಸ್ತಿಯಲ್ಲಿ ಗಿಡ್ಡಗೆ ಗಟ್ಟಿಯಾಗಿರುವವನು ಎದುರಾಳಿಯ ಸೊಂಟದ ಕೆಳಗೆ ನುಗ್ಗುತ್ತಾನೆ, ಉದ್ದನೆಯವನು ಕಾಲು ಸುತ್ತಿ ಹಿಡಿಯುತ್ತಾನೆ. ಇಬ್ಬರೂ ಪದಕ ಗೆದ್ದಿದ್ದಾರೆ.

ಇಷ್ಟು ತಿಳಿದ ಮೇಲೆ ತೂಕ ಇಳಿಸುವ ಪದ್ಧತಿಯನ್ನು ನೋಡಿ. ದೊಡ್ಡ ಮೈಯವನು ಚಿಕ್ಕ ವಿಭಾಗಕ್ಕೆ ಇಳಿದರೆ ತನಗಿಂತ ಕಡಿಮೆ ವಾಟ್ ಇರುವವರ ಎದುರು ಆಡಬಹುದೆಂಬುದು ಅದರ ಹಿಂದಿನ ಲೆಕ್ಕ. ಕೊನೆಯ ಒಂದೆರಡು ದಿನದಲ್ಲಿ ಮೂರು ನಾಲ್ಕು ಕೆ.ಜಿ. ಇಳಿಸುವವರು ಕಳೆದುಕೊಳ್ಳುವುದು ಕೊಬ್ಬನ್ನಲ್ಲ. ಅದು ನೀರು, ಮತ್ತು ಗ್ಲೈಕೋಜನ್. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ರೊಟ್ಟಿ ಬಿಟ್ಟ ಕೂಡಲೇ ತೂಕ ಸರ್ರನೆ ಇಳಿಯುವುದು ಇದರಿಂದಲೇ. ಪಂದ್ಯದ ಬಿಗಿ ನಿಮಿಷಗಳನ್ನು ನಡೆಸಬೇಕಾದ ಇಂಧನವನ್ನೇ ಸುರಿದು ಮುಳ್ಳನ್ನು ಕೆಳಗಿಳಿಸಿದಂತಾಯಿತು.

ಒಂದೇ ಒಂದು ಬಾರಿ ಜಿಗಿಯುವುದೋ ಎತ್ತುವುದೋ ಆದರೆ ಹೀಗೆ ಬತ್ತಿದ ಮೈ ಕೂಡ ಹೆಚ್ಚು ಸೋಲುವುದಿಲ್ಲ. ಸೋಲುವುದು ಮತ್ತೆ ಮತ್ತೆ ಮಾಡಬೇಕಾದಾಗ: ನಾಲ್ಕನೆಯ ನುಗ್ಗು, ಐದನೆಯ ಎತ್ತು, ಎರಡನೆಯ ಸುತ್ತು. ರಕ್ತದ ದ್ರವಾಂಶ ಕಡಿಮೆಯಾಗಿ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ, ಬೆವರು ಮೈ ತಣಿಸದೆ ಒಳಗಿನ ಬಿಸಿ ಏರುತ್ತದೆ.

ಇಲ್ಲಿಯೇ ‘ಕೆ.ಜಿ.ಗೆ ವಾಟ್’ ಮಾಡುವ ಅತಿ ದೊಡ್ಡ ಮೋಸವೂ ಇರುವುದು. 60 ಕೆ.ಜಿ.ಯವನೊಬ್ಬ 600 ವಾಟ್ ಕೊಡುತ್ತಿದ್ದ ಎನ್ನಿ, ಕೆ.ಜಿ.ಗೆ 10. ಮೂರು ಕೆ.ಜಿ. ನೀರು ಕಳೆದುಕೊಂಡು 57ಕ್ಕೆ ಬಂದ, ಪವರ್ 580ಕ್ಕೆ ಕುಸಿಯಿತು. ಈಗ ಭಾಗಿಸಿ ನೋಡಿ: 10.2. ಇಪ್ಪತ್ತು ವಾಟ್ ಕಳೆದುಕೊಂಡಿದ್ದಾನೆ, ಕಾಗದದ ಮೇಲೆ ಸುಧಾರಿಸಿದ್ದಾನೆ! ಕೋಚ್ ಆ ಅಂಕಿಯನ್ನೇ ನಂಬಿದರೆ ತೂಕ ಇಳಿಸಿದ್ದು ಫಲ ಕೊಟ್ಟಿತು ಎಂದೇ ತಿಳಿಯುತ್ತಾರೆ. ಪರೀಕ್ಷೆಯ ಹಾಳೆಯಲ್ಲಿ ಒಟ್ಟು ವಾಟ್ ಮತ್ತು ಆ ದಿನದ ಮೈತೂಕ ಎರಡನ್ನೂ ಅಕ್ಕಪಕ್ಕ ಬರೆದಿರಲೇಬೇಕು ಎಂದು ನಾನು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಯಾರಿಗೂ ಮರೆತಿರಲಾರದು. ಟೋಕಿಯೊದಲ್ಲಿ 53 ಕೆ.ಜಿ.ಯಲ್ಲಿ ಆಡಿದ್ದ ವಿನೇಶ್ ಫೋಗಟ್ ಪ್ಯಾರಿಸ್‌ಗೆ 50 ಕೆ.ಜಿ.ಗೆ ಇಳಿದಿದ್ದರು. ಆಗಸ್ಟ್ 6ರಂದು ಜಪಾನಿನ ಯುಯಿ ಸುಸಾಕಿ ಸೇರಿ ಮೂವರನ್ನು ಸೋಲಿಸಿ ಫೈನಲ್ ತಲುಪಿದರು. ವಿಶ್ವ ಕುಸ್ತಿ ಸಂಸ್ಥೆಯ ನಿಯಮದಂತೆ ಎರಡೂ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. ಮೂರು ಪಂದ್ಯ ಆಡಬೇಕೆಂದರೆ ನೀರು ಕುಡಿಯಲೇಬೇಕು, ಏನಾದರೂ ತಿನ್ನಲೇಬೇಕು. ಬತ್ತಿಸಿದ ಮೈ ಸಿಕ್ಕ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿಯಿಡೀ ಬೆವರಿಳಿಸಿ, ಕೂದಲನ್ನೂ ಕತ್ತರಿಸಿ, ಮರುದಿನ ಬೆಳಿಗ್ಗೆ ಯಂತ್ರದ ಮೇಲೆ ನಿಂತಾಗ 100 ಗ್ರಾಂ ಹೆಚ್ಚಿತ್ತು. ಫೈನಲ್ ಕೈತಪ್ಪಿತು. ಕ್ರೀಡಾ ನ್ಯಾಯಮಂಡಳಿ ಆಗಸ್ಟ್ 14ರಂದು ಅವರ ಮನವಿಯನ್ನೂ ತಳ್ಳಿಹಾಕಿತು. ಅದೇ ಕೂಟದಲ್ಲಿ ಅಮನ್ ಸೆಹ್ರಾವತ್ ಕಂಚಿನ ಪಂದ್ಯಕ್ಕೆ ಮುಂಚಿನ ರಾತ್ರಿ ಸುಮಾರು 4.6 ಕೆ.ಜಿ. ಇಳಿಸಿ 57 ಕೆ.ಜಿ.ಯಲ್ಲಿ ಪದಕ ಗೆದ್ದರೆಂದು ವರದಿಯಾಯಿತು. ಅವರ ಛಲಕ್ಕೆ ತಲೆಬಾಗಬೇಕು. ಆದರೆ ಹಳ್ಳಿಯ ಗರಡಿಯಲ್ಲಿ ಹದಿನೈದರ ಹುಡುಗನಿಗೆ ಅದನ್ನು ಮಾದರಿಯಾಗಿ ತೋರಿಸಬಾರದು. ಅಮನ್ ಹಿಂದೆ ಕೋಚ್‌ಗಳು ರಾತ್ರಿಯಿಡೀ ನಿಂತಿದ್ದರು.

ಹೀಗೆ ಇಳಿಸುವುದರ ಕೊನೆ ಎಲ್ಲಿಗೂ ಮುಟ್ಟಬಹುದು. 1997ರ ನವೆಂಬರ್–ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ಬಿಸಿ ಕೋಣೆಯಲ್ಲಿ, ಗಾಳಿಯಾಡದ ಉಡುಪು ತೊಟ್ಟು ವ್ಯಾಯಾಮ ಮಾಡಿದ್ದರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಆ ಉಡುಪನ್ನೂ ಬಿಸಿ ಕೋಣೆಯನ್ನೂ ನಿಷೇಧಿಸಿತು. ಋತುವಿನ ಆರಂಭದಲ್ಲೇ ಮೂತ್ರ ಪರೀಕ್ಷಿಸಿ ಮೈಯಲ್ಲಿ ನೀರು ಸಾಕಷ್ಟಿದೆಯೆಂದು ಖಚಿತಪಡಿಸಿಕೊಂಡ ನಂತರ ಕೊಬ್ಬಿನಂಶ ಅಳೆದು, ಅದು ಶೇ 5ಕ್ಕಿಂತ ಕೆಳಗೆ ಹೋಗದಂತೆ ಪ್ರತಿಯೊಬ್ಬರಿಗೂ ಕನಿಷ್ಠ ತೂಕ ಗೊತ್ತುಮಾಡುವ ಪದ್ಧತಿ ಬಂತು. ನಮ್ಮ ಜಿಲ್ಲಾ, ರಾಜ್ಯ ಮಟ್ಟದ ಕಿರಿಯರ ಕೂಟಗಳಲ್ಲೂ ಇಂಥದ್ದು ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಿರಿಯರ ಮೈಯ ಲೆಕ್ಕವೇ ಬೇರೆ. ಪ್ರಾಯಕ್ಕೆ ಬರುವ ಮುಂಚಿನ ಮಕ್ಕಳಲ್ಲಿ ಅನೇರೋಬಿಕ್ ಪವರ್ ಒಟ್ಟಾರೆಯಾಗಿ ಅಷ್ಟೇ ಅಲ್ಲ, ಕೆ.ಜಿ.ಗೆ ಲೆಕ್ಕ ಹಾಕಿದರೂ ದೊಡ್ಡವರಿಗಿಂತ ಕಡಿಮೆ. ಗ್ಲೈಕೋಜನ್ ಒಡೆಯುವ ವ್ಯವಸ್ಥೆ ಅವರಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬದಲಿಗೆ ಒಂದು ಓಟದಿಂದ ಇನ್ನೊಂದಕ್ಕೆ ಬಹಳ ಬೇಗ ಚೇತರಿಸಿಕೊಳ್ಳುತ್ತಾರೆ. ಒಂದೇ ವಯಸ್ಸಿನ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿ ಇನ್ನೊಬ್ಬನಿಗೆ ಚಿಗುರದಿದ್ದರೆ, ಅವರ ವಿಂಗೇಟ್ ಅಂಕಿಗಳ ಅಂತರದಲ್ಲಿ ಬಹುಪಾಲು ಆ ಬೆಳವಣಿಗೆಯದು, ಪ್ರತಿಭೆಯದಲ್ಲ.

ಸೈಕಲ್ ಯಂತ್ರ ಎಲ್ಲ ಕಡೆ ಸಿಗುವುದಿಲ್ಲ. ಅದಿಲ್ಲದ ಕಡೆ ಜೂಡೊದವರ ಒಂದು ಪರೀಕ್ಷೆ ಕೆಲಸಕ್ಕೆ ಬರುತ್ತದೆ, ಕುಸ್ತಿಯ ಮ್ಯಾಟ್ ಮೇಲೂ ಹೊಂದಿಸಿಕೊಳ್ಳಬಹುದು. ಪರೀಕ್ಷೆಗೆ ಒಳಗಾಗುವವನಷ್ಟೇ ತೂಕ, ಎತ್ತರ ಇರುವ ಇಬ್ಬರನ್ನು ಆರು ಮೀಟರ್ ಅಂತರದಲ್ಲಿ ನಿಲ್ಲಿಸಿ, ಇವನನ್ನು ನಡುವೆ ನಿಲ್ಲಿಸುತ್ತಾರೆ. ಸೀಟಿ ಊದಿದ ಕೂಡಲೇ ಓಡಿಹೋಗಿ ಒಬ್ಬನನ್ನು ಹೆಗಲ ಮೇಲಿಂದ ಎತ್ತಿ ಹಾಕಬೇಕು, ತಿರುಗಿ ಓಡಿ ಇನ್ನೊಬ್ಬನನ್ನು ಹಾಕಬೇಕು. ಮೊದಲು 15 ಸೆಕೆಂಡ್, ಆಮೇಲೆ 30, ಮತ್ತೆ 30, ನಡುವೆ ಹತ್ತು ಹತ್ತು ಸೆಕೆಂಡ್ ಬಿಡುವು. ಮುಗಿದ ಕೂಡಲೇ ಒಮ್ಮೆ, ಒಂದು ನಿಮಿಷದ ನಂತರ ಇನ್ನೊಮ್ಮೆ ನಾಡಿಬಡಿತ ಎಣಿಸಿ, ಎರಡನ್ನೂ ಕೂಡಿ ಒಟ್ಟು ಎಸೆತಗಳಿಂದ ಭಾಗಿಸುತ್ತಾರೆ. ನಾಡಿ 180 ಮತ್ತು 150, ಎಸೆತ 27 ಆದರೆ ಸೂಚ್ಯಂಕ ಸುಮಾರು 12.2. ಅದು ಕಡಿಮೆಯಾದಷ್ಟೂ ತಯಾರಿ ಒಳ್ಳೆಯದು. ಇಲ್ಲಿ ಎತ್ತಿ ಹಾಕುವುದು ತನ್ನಷ್ಟೇ ತೂಕದವನನ್ನು, ಓಡುವುದು ತನ್ನ ಮೈಯನ್ನೇ ಹೊತ್ತು. ಆದ್ದರಿಂದ ಭಾರದ ವಿಭಾಗದವರ ಎಸೆತ ಸಾಮಾನ್ಯವಾಗಿ ಕಡಿಮೆ, ಸೂಚ್ಯಂಕ ಸಾಮಾನ್ಯವಾಗಿ ಹೆಚ್ಚು. 60 ಕೆ.ಜಿ.ಯವರಿಗೆ ಮಾಡಿದ ಅಳತೆಗೋಲನ್ನು 100 ದಾಟಿದವನ ಮುಂದೆ ಹಿಡಿಯುವಂತಿಲ್ಲ. ಅವನ ಈ ತಿಂಗಳ ಅಂಕಿಯನ್ನು ಅವನದೇ ಹೋದ ತಿಂಗಳ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು, ಎರಡೂ ದಿನದ ತೂಕ ಬರೆದುಕೊಂಡು.